ಲಾಲಿ ಟ್ಯಾಮ್ಸ್‌ನ ಲಲಿತಮ್ಮ

ಲಲಿತಮ್ಮನವರು ತಾವೇ ಮಾಡಿದ ಗೊಜ್ಜಿಗೆ ಹೆದರುತ್ತಿದ್ದರು. ಸುಮ್ಮನೆ ಮಾತಿಗೆ ಹೇಳುತ್ತಿಲ್ಲ. ಹೊಸ ಬಾಟಲಿಯ ಮುಚ್ಚಳ ತಿರುಗಿಸುವಾಗ ಅವರ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಪಟಾಕಿಯ ಬತ್ತಿಗೆ ಕಿಡಿ ತಾಗಿಸುವವರ ಹಾಗೆ ಕತ್ತು ಹಿಂದಕ್ಕೆ ಹೋಗುತ್ತಿತ್ತು. ಮುಚ್ಚಳ ಟಕ್ ಎಂದಮೇಲೆ ಒಂದು ಚಮಚ ತೆಗೆದು, ಬೆಳಕಿಗೆ ಹಿಡಿದು, ಮೂಸಿ, ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ಕೋಟು ತೊಟ್ಟು ಮನೆಗೆ ಹೊರಡುವಾಗ ನನಗೊಂದು ಮಾತು ಹೇಳುತ್ತಿದ್ದರು.

"ನಾಳಿದ್ದು ಬೆಳಗ್ಗೆವರೆಗೂ ನಾನು ಚೆನ್ನಾಗಿದ್ರೆ ಮಾತ್ರ ಈ ಬ್ಯಾಚ್ ಹೊರಗೆ ಕಳಿಸು ಕಣೇ ವೀಣಾ. ಫೋನ್ ಬರ್ಲಿಲ್ಲ ಅಂದ್ರೆ ಒಂದು ಬಾಟ್ಲೂ ಅಲುಗಾಡಿಸ್ಬೇಡ."

ಲ್ಯಾಬಿನಲ್ಲಿ ಹುಳಿಯ ಅಳತೆ ನೋಡಿಯಾಗಿದೆ, ಬಾಟಲಿ ಕುದಿಸಿದ ಉಷ್ಣತೆ ಬರೆದಿಟ್ಟಾಗಿದೆ, ಇದೆಲ್ಲ ಬೇಡ ಆಂಟಿ ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಮೈಸೂರಿನಲ್ಲಿ ಆಹಾರ ವಿಜ್ಞಾನ ಓದಿ ಬಂದವಳು ನಾನು. ನನಗೆ ಅದು ಮುದುಕಿಯ ಹಟದಂತೆ ಕಾಣುತ್ತಿತ್ತು. ಅವರು ಕೇಳುತ್ತಿರಲಿಲ್ಲ. ಮೂರನೆಯ ದಿನ ಬೆಳಗ್ಗೆ ಸರಿಯಾಗಿ ಫೋನ್ ಬರುತ್ತಿತ್ತು. "ಇದೀನಿ. ಕಳಿಸು," ಅಷ್ಟೇ ಮಾತು.

ಸಿಯಾಟಲ್ ಸುತ್ತಮುತ್ತ ಇರುವವರಿಗೆ ಲಾಲಿ ಟ್ಯಾಮ್ಸ್ ಗೊತ್ತಿರುತ್ತದೆ. ಹಸಿರು ಮುಚ್ಚಳದ ಟೊಮೆಟೊ ಗೊಜ್ಜು, ಚಟ್ನಿಪುಡಿ, ಸಾರಿನ ಪುಡಿ. ಅಮೆರಿಕನ್ನರು ಗೊಜ್ಜನ್ನು ಬರ್ಗರಿಗೆ ಸವರಿಕೊಳ್ಳುತ್ತಾರೆ, ಸಾರಿನ ಪುಡಿಯನ್ನು ಮೀನಿನ ಮೇಲೆ ಉದುರಿಸುತ್ತಾರೆ. ಟ್ಯಾಮ್ ಎಂದರೆ ಯಾರೋ ಸ್ಕಾಟ್ಲೆಂಡಿನವರಿರಬೇಕು ಎಂದು ಕೆಲವರು, ಚೀನಾದವರಿರಬೇಕು ಎಂದು ಕೆಲವರು ತಿಳಿದಿದ್ದರು. ನಂಜನಗೂಡಿನ ಕಡೆಯ, ಐದಡಿಗೂ ಕಡಿಮೆ ಎತ್ತರದ, ಸ್ವೆಟರಿನ ಮೇಲೆ ಸೆರಗು ಹೊದ್ದು ಓಡಾಡುವ ಲಲಿತಮ್ಮನವರನ್ನು ಯಾರೂ ಊಹಿಸಿರಲಿಲ್ಲ.

ಆ ಹೆಸರು ಬಂದ ಕತೆಯನ್ನು ಅವರೇ ನನಗೆ ಹೇಳಿದ್ದರು. ಅವರ ಯಜಮಾನರು ರೆಂಟನ್ನಿನ ವಿಮಾನ ಜೋಡಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್. ಒಮ್ಮೆ ಆರ್ಡರುಗಳು ನಿಂತು ಅವರ ವಿಭಾಗವನ್ನೇ ಮುಚ್ಚಿದರು. ಯಜಮಾನರು ದಿನವಿಡೀ ಕಿಟಕಿಯ ಹತ್ತಿರ ಕೂತಿರುತ್ತಿದ್ದರು, ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಳು. ಈಸ್ಟ್‌ಗೇಟಿನಲ್ಲಿ ಅವರ ಮನೆಯ ಹತ್ತಿರ ಡೇಲ್ ಎಂಬ ಮುದುಕನ ದಿನಸಿ ಅಂಗಡಿಯಿತ್ತು. ಹಣ್ಣಾಗಿ ಮೆತ್ತಗಾದ ಟೊಮೆಟೊಗಳನ್ನು ಆತ ಪೆಟ್ಟಿಗೆಗಟ್ಟಲೆ ಎಸೆಯುವುದನ್ನು ನೋಡಲಾರದೆ ಲಲಿತಮ್ಮ ತಂದು ಗೊಜ್ಜು ಮಾಡಿದರು. ಒಂದು ಬಾಟಲಿ ಆತನಿಗೂ ಕೊಟ್ಟರು. ಮರುದಿನ ಆತ ಫೋನ್ ಮಾಡಿ, ಇದನ್ನು ಅಂಗಡಿಯಲ್ಲಿಡುತ್ತೇನೆ, ನಿನ್ನ ಹೆಸರೇನು ಎಂದು ಕೇಳಿದ. ಲಲಿತಮ್ಮ ಎಂದರು. ಆತ ಕೇಳಿಸಿಕೊಂಡಂತೆ ಚೀಟಿಯಲ್ಲಿ ಲಾಲಿ ಟ್ಯಾಮ್ ಎಂದು ಬರೆದು ಅಂಟಿಸಿದ.

"ಯಾಕೆ ತಿದ್ದಲಿಲ್ಲ ಆಂಟಿ?" ಎಂದು ಕೇಳಿದ್ದೆ.

"ಭಯ ಕಣೇ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆ ಟ್ಯಾಮ್‌ನ ಹುಡುಕ್ಕೊಂಡು ಹೋಗ್ಲಿ ಅಂತ ಸುಮ್ನಾದೆ."

ಅವರ ಭಯಕ್ಕೂ ಒಂದು ಹುಟ್ಟು ಇತ್ತು. ಅಂಗಡಿಗೆ ಗೊಜ್ಜು ಕೊಡಲು ಶುರುಮಾಡಿದ ಮೊದಲ ವರ್ಷ ಅವರು ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿದ ಒಂದು ಚಟ್ನಿಯನ್ನೂ ಮಾಡಿ ಏಳು ಮನೆಗಳಿಗೆ ಕೊಟ್ಟಿದ್ದರು. ಡೇಲ್‌ನ ಅಂಗಡಿಗೆ ಬಂದ ಆರೋಗ್ಯ ಇಲಾಖೆಯ ಹೆಂಗಸೊಬ್ಬಳು ಅದನ್ನು ನೋಡಿ ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟಳಂತೆ. ಎಣ್ಣೆಯ ಕೆಳಗೆ ಗಾಳಿಯಿಲ್ಲದ ಕಡೆ ಒಂದು ವಿಷ ಬೆಳೆಯುತ್ತದೆ, ತಿಂದವರ ಕಣ್ಣು ಮಂಜಾಗುತ್ತದೆ, ನಾಲಿಗೆ ಬೀಳುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ ಎಂದು ಹೇಳಿದಳಂತೆ. ಕೆಟ್ಟಿದ್ದರೆ ವಾಸನೆ ಬರುವುದಿಲ್ಲವೇ ಎಂದು ಲಲಿತಮ್ಮ ಕೇಳಿದರು. ಬರುವುದಿಲ್ಲ ಎಂದಳು. ಅವತ್ತು ಅವರು ಚಪ್ಪಲಿಯಲ್ಲೇ ಮಳೆಯಲ್ಲಿ ಏಳೂ ಮನೆಗೆ ಓಡಿದರು. ಆರು ಮನೆಯವರು ತಿಂದಿರಲಿಲ್ಲ. ಏಳನೆಯ ಮನೆಯವರು ಎಲ್ಲ ಖಾಲಿ ಮಾಡಿ, ಬಾಟಲಿ ತೊಳೆದು, ತುಂಬ ಚೆನ್ನಾಗಿತ್ತು ಎಂದು ವಾಪಸು ಕೊಟ್ಟರು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಮನೆಯ ದೀಪ ಉರಿಯುತ್ತಿದೆಯೇ ಎಂದು ಲಲಿತಮ್ಮ ಹತ್ತು ದಿನ ಸಂಜೆ ಹೋಗಿ ನೋಡಿ ಬಂದರು.

"ವಾಸ್ನೆ ಇಲ್ಲ, ಬಣ್ಣ ಇಲ್ಲ, ರುಚೀನೂ ಇಲ್ಲ. ಅಂಥದ್ದಕ್ಕೆ ಹೆದರ್ದೆ ಇನ್ಯಾತಕ್ಕೆ ಹೆದರ್ತೀಯ?" ಇದು ಅವರು ಹೊಸದಾಗಿ ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ, ತಮ್ಮದೇ ಇಂಗ್ಲಿಷಿನಲ್ಲಿ, ಹೇಳುತ್ತಿದ್ದ ಮಾತು.

ನನಗೆ ಕೆಲಸ ಮಾಡುವ ಪರವಾನಗಿ ಸಿಕ್ಕಿದ ತಿಂಗಳೇ ನಾನು ಅಲ್ಲಿ ಸೇರಿದೆ. ಗಂಡ ಸುಹಾಸ ಓವರ್‌ಲೇಕಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ. ಅಷ್ಟು ಹೊತ್ತಿಗೆ ಲಲಿತಮ್ಮನವರ ಯಜಮಾನರು ತೀರಿಕೊಂಡಿದ್ದರು, ಮಗಳು ಮದುವೆಯಾಗಿ ಟೆಕ್ಸಸ್ಸಿಗೆ ಹೋಗಿದ್ದಳು. ರೆಂಟನ್ನಿನ ಗೋದಾಮುಗಳ ಸಾಲಿನಲ್ಲಿ ಒಂದು ಬಾಡಿಗೆ ಶೆಡ್, ಎರಡು ದೊಡ್ಡ ಉಕ್ಕಿನ ಹಂಡೆ, ಒಂದು ಪುಡಿ ಯಂತ್ರ, ಹತ್ತಿಪ್ಪತ್ತು ಜನ. ಕಚ್ಚಾ ಮಾಲು ಕೊಳ್ಳುವುದು ಮತ್ತು ಅದರ ಗುಣಮಟ್ಟ ನೋಡುವುದು ನನ್ನ ಕೆಲಸವಾಯಿತು. ಕೊಳ್ಳುವವರೇ ಪರೀಕ್ಷಿಸಬಾರದು ಎಂದು ನನಗೆ ಪಾಠ ಹೇಳಿಕೊಟ್ಟಿದ್ದರು. ಚಿಕ್ಕ ಕಂಪನಿ, ನಡೆಯುತ್ತದೆ ಎಂದುಕೊಂಡೆ.

ನಾನು ಬಸುರಿಯಾಗಿ ಆರು ತಿಂಗಳು ತುಂಬಿದ್ದಾಗ ಆ ಅರಿಶಿನ ಬಂತು.

ಹಳೆಯ ವ್ಯಾಪಾರಿ ಅಂಗಡಿ ಮುಚ್ಚಿದ್ದ. ಹೊಸಬನೊಬ್ಬನನ್ನು ನಾನೇ ಹುಡುಕಿದೆ. ಚೀಲ ಬಿಚ್ಚಿದಾಗ ಶೆಡ್ಡಿನ ಮಂಕು ಬೆಳಕಿನಲ್ಲೂ ಅದು ಹೊಳೆಯಿತು. ಇಷ್ಟು ಒಳ್ಳೆಯ ಮಾಲನ್ನು ನಾನು ಈ ದೇಶದಲ್ಲಿ ನೋಡಿಯೇ ಇರಲಿಲ್ಲ. ಲಲಿತಮ್ಮ ಒಂದು ಚಿಟಿಕೆ ಅಂಗೈಯಲ್ಲಿ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇಷ್ಟೊಂದು ಹಳದಿ ಯಾಕಿದೆ ಇದು?"

"ಒಳ್ಳೆ ಕ್ವಾಲಿಟಿ ಆಂಟಿ. ಸರ್ಟಿಫಿಕೇಟ್ ಇದೆ, ನೋಡಿ."

"ಹೊರಗಿನ ಲ್ಯಾಬಿಗೆ ಕಳಿಸಿ, ರಿಸಲ್ಟ್ ಬಂದ್ಮೇಲೆ ಬಳಸೋಣ್ವಾ?"

"ಎರಡು ವಾರ ಆಗತ್ತೆ. ಸಾರಿನ ಪುಡಿ ಎಲ್ಲಾ ಅಂಗಡೀಲೂ ಖಾಲಿ ಆಗಿದೆ. ಸ್ಯಾಂಪಲ್ ಕಳಿಸ್ತೀನಿ, ಅಷ್ಟರೊಳಗೆ ಪ್ಯಾಕಿಂಗ್ ಶುರು ಮಾಡೋಣ. ಕಾಗದ ಎಲ್ಲಾ ಸರಿಯಾಗಿದೆ ಆಂಟಿ."

ಅವರು ನನ್ನ ಮುಖ ನೋಡಿದರು. ಓದಿದವಳು ಹೇಳುತ್ತಿದ್ದಾಳೆ ಎಂದುಕೊಂಡಿರಬೇಕು. ಹೊಸ ವ್ಯಾಪಾರಿಯನ್ನು ಒಪ್ಪಿದ ಕಾಗದಕ್ಕೆ ಸಹಿ ಹಾಕಿದರು. ಎಂದಿನಂತೆ ಒಂದು ಚಮಚ ಪುಡಿಯ ಸಾರು ಮಾಡಿ ಕುಡಿದು ಮೂರನೆಯ ದಿನ ಫೋನ್ ಮಾಡಿದರು. ಎಲ್ಲ ವಿಷವೂ ಮೂರು ದಿನದಲ್ಲಿ ತಿಳಿಯುವಂಥದಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಲ್ಯಾಬಿನಲ್ಲಿ ಕೆಲಸ ತುಂಬಿ ಎರಡು ವಾರ ನಾಲ್ಕು ವಾರವಾಯಿತು. ಒಂದು ಮಧ್ಯಾಹ್ನ ಇಮೇಲ್ ಬಂತು. ನಾನು ಮೇಜಿನ ಹತ್ತಿರ ನಿಂತು, ಟಿಫಿನ್ ಡಬ್ಬಿಯ ಸಾರನ್ನ ತಿನ್ನುತ್ತಾ ಅದನ್ನು ತೆರೆದೆ. ಬಸುರಿನಲ್ಲಿ ನನಗೆ ಬೇರೆ ಏನೂ ಸೇರುತ್ತಿರಲಿಲ್ಲ. ಆ ತಿಂಗಳು ಪೂರ್ತಿ ಮಧ್ಯಾಹ್ನ, ರಾತ್ರಿ ಎರಡೂ ಹೊತ್ತು ನಮ್ಮ ಹೊಸ ಪುಡಿಯ ಸಾರನ್ನವೇ ನನ್ನ ಊಟ. ಅರಿಶಿನದಲ್ಲಿ ಸೀಸವಿದೆ, ಬಣ್ಣ ಬರಲೆಂದು ಬೆರೆಸಿದಂತಿದೆ ಎಂದು ಬರೆದಿತ್ತು. ಪ್ರಮಾಣದ ಮುಂದಿದ್ದ ಅಂಕಿಯನ್ನು ಮತ್ತೆ ಮತ್ತೆ ಓದಿದೆ. ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ. ಹೊಟ್ಟೆಯೊಳಗೆ ಮಗು ಒದೆಯಿತು.

ಸೀಸ ಬಸುರಿಯ ರಕ್ತದಿಂದ ಮಗುವಿನ ಮೆದುಳಿಗೆ ಹೋಗುತ್ತದೆ. ಅದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ.

ಲಲಿತಮ್ಮ ಬಂದು ನನ್ನ ಹೆಗಲ ಮೇಲಿನಿಂದ ಪರದೆ ನೋಡಿದರು. ಅವರಿಗೆ ಅಂಕಿಗಳು ಅರ್ಥವಾಗಿರಲಾರವು. ನಾನು ನುಂಗದೆ ಬಾಯಲ್ಲೇ ಇಟ್ಟುಕೊಂಡಿದ್ದ ತುತ್ತು ಅರ್ಥವಾಯಿತು. ಕಂಪನಿಯ ಗತಿ, ಎಷ್ಟು ಬಾಟಲಿ ಹೋಗಿದೆ, ಯಾವುದನ್ನೂ ಅವರು ಕೇಳಲಿಲ್ಲ.

"ನೀನು ಎಷ್ಟು ದಿನದಿಂದ ತಿಂತಿದೀಯ?"

"ಒಂದು ತಿಂಗ್ಳು."

ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಮುಚ್ಚಿದರು. ಸಿಂಕಿಗೆ ಕರೆದುಕೊಂಡು ಹೋಗಿ ಮಗುವಿಗೆ ತೊಳೆಸುವಂತೆ ನನ್ನ ಬಾಯಿ ತೊಳೆಸಿದರು. ಆಮೇಲೆ ಯಂತ್ರ ನಿಲ್ಲಿಸಲು ಹೇಳಿದರು. ಅದು ನಿಂತಮೇಲೆ ಶೆಡ್ಡಿನಲ್ಲಿ ಮಳೆಯ ಸದ್ದು ಕೇಳತೊಡಗಿತು.

ಅವತ್ತೇ ನನ್ನ ರಕ್ತ ಕೊಟ್ಟು ಬಂದೆ. ಫಲಿತಾಂಶ ಬರಲು ನಾಲ್ಕು ದಿನ. ಆ ನಾಲ್ಕು ದಿನ ಹೇಗೆ ಕಳೆದೆ ಎಂದು ಈಗ ಕೇಳಿದರೆ ಹೇಳಲು ಬರುವುದಿಲ್ಲ. ಮಗು ಒದ್ದರೆ ಹೆದರಿಕೆ, ಒದೆಯದಿದ್ದರೆ ಹೆದರಿಕೆ. ಸುಹಾಸ ಅಡುಗೆಮನೆಯ ಹಸಿರು ಮುಚ್ಚಳದ ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿ ಕಾರಿನ ಡಿಕ್ಕಿಯಲ್ಲಿಟ್ಟ. ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದ. ಆ ಅರಿಶಿನವನ್ನು ತಂದವಳು ನಾನು ಎಂದು ಅವನಿಗೆ ಗೊತ್ತಿತ್ತು.

ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ ಎಂದು ನಾನು ಶೆಡ್ಡಿಗೇ ಹೋದೆ. ಇಲಾಖೆಯ ಇನ್ಸ್‌ಪೆಕ್ಟರ್ ಬಂದಿದ್ದರು. ಲಲಿತಮ್ಮನವರೇ ಅವರಿಗೆ ಫೋನ್ ಮಾಡಿ ಕರೆಸಿದ್ದರು. ಅಂಗಡಿಗಳಿಗೆಲ್ಲ ಪುಡಿ ವಾಪಸು ಕಳಿಸಿ ಎಂದು ಹೇಳಿಯಾಗಿತ್ತು, ಪ್ರಕಟಣೆ ಹೊರಟಿತ್ತು. ಇನ್ಸ್‌ಪೆಕ್ಟರ್ ಕಾಗದಗಳನ್ನು ತಿರುವುತ್ತಾ, ಈ ಹೊಸ ವ್ಯಾಪಾರಿಯನ್ನು ಒಪ್ಪಿದ್ದು ಯಾರು ಎಂದು ಕೇಳಿದರು.

ಲಲಿತಮ್ಮ "ಮೈ ಸೈನ್" ಎಂದು ತಮ್ಮ ಸಹಿಯ ಮೇಲೆ ಬೆರಳಿಟ್ಟರು. "ಐ ಸೇಡ್ ಯೆಸ್."

ನಾನು ಅಲ್ಲೇ ಇದ್ದೆ, ಮೂರಡಿ ದೂರದಲ್ಲಿ. ನಾನೇ ಅವಸರಪಡಿಸಿದ್ದು ಎಂದು ಹೇಳಲು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಕೆಲಸ ಹೋದರೆ, ವೀಸಾಕ್ಕೆ ತೊಂದರೆಯಾದರೆ, ಮಗುವಿಗೆ ಏನಾದರೂ ಆಗಿ ಆ ಕಾಗದ ಮುಂದಿಟ್ಟು ನನ್ನನ್ನೇ ಕೇಳಿದರೆ ಎಂದೆಲ್ಲ ಹೆದರಿ ಮೇಜಿನ ಅಂಚು ಹಿಡಿದು ಸುಮ್ಮನೆ ನಿಂತೆ. ಇನ್ಸ್‌ಪೆಕ್ಟರ್ ಹೋದಮೇಲೆ ಏನೋ ಹೇಳಲು ಹೊರಟೆ. ಲಲಿತಮ್ಮ ತಡೆದರು.

"ಸಹಿ ನಂದು ತಾನೇ? ನೀನು ಹೊಟ್ಟೇಲಿ ಒಂದು ಹೊರ್ತಿದೀಯ. ಇದನ್ನೂ ಹೊರ್ಬೇಡ."

ಅಂಗಡಿಗೆ ಹೋದ ಬಾಟಲಿಗಳು ವಾಪಸು ಬಂದವು. ಶೆಡ್ಡಿನ ಬಾಗಿಲಲ್ಲೇ ನೇರವಾಗಿ ಕೊಂಡವರ ಹೆಸರು, ಫೋನ್ ನಂಬರುಗಳು ಒಂದು ಪುಸ್ತಕದಲ್ಲಿದ್ದವು. ಅವರಿಗೆಲ್ಲ ಫೋನ್ ಮಾಡಿದ್ದಾಯಿತು. ಫೋನ್ ಎತ್ತದವರ ಮನೆಗೆ ತಾವೇ ಹೋಗುತ್ತೇನೆಂದು ಲಲಿತಮ್ಮ ಹಟ ಹಿಡಿದರು. ಅವರಿಗೆ ಫ್ರೀವೇಯಲ್ಲಿ ಕಾರು ಓಡಿಸಲು ಭಯ. ನಾನು ಡ್ರೈವ್ ಮಾಡಿದೆ.

ಹಾಗೆ ಹೋದ ಎಂಟು ಮನೆಗಳಲ್ಲಿ ಓವರ್‌ಲೇಕಿನ ಆ ಅಪಾರ್ಟ್‌ಮೆಂಟ್ ಒಂದನ್ನು ನಾನು ಮರೆತಿಲ್ಲ. ಬಾಗಿಲು ತೆರೆದವಳು ಸ್ಮಿತಾ ಎಂಬ ಹುಡುಗಿ, ಬೆಂಗಳೂರಿನವಳು, ಸೊಂಟದ ಮೇಲೆ ಎರಡು ವರ್ಷದ ಮಗು. ಮಗುವಿನ ಗಲ್ಲದ ಮೇಲೆ ಕಲಸಿದ ಅನ್ನದ ಅಗುಳು ಅಂಟಿತ್ತು. ಅನ್ನ ಹಳದಿಯಾಗಿತ್ತು.

ಲಲಿತಮ್ಮ ಆ ಅಗುಳನ್ನು ನೋಡಿದರು. ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಅಮ್ಮಾ, ಆ ಸಾರಿನ ಪುಡಿ ಇನ್ಮೇಲೆ ಹಾಕ್ಬೇಡ. ಅದ್ರಲ್ಲಿ ಸೀಸ ಸಿಕ್ಕಿದೆ. ಮಗೂನ ಇವತ್ತೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ರಕ್ತ ಟೆಸ್ಟ್ ಮಾಡ್ಸು."

ಸ್ಮಿತಾಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಅವಳ ದನಿ ಏರಲಿಲ್ಲ, ಇಳಿಯಿತು. "ನೀವ್ಯಾರು? ಕಂಪನಿಯವ್ರು ಕಳ್ಸಿದ್ರಾ? ಅವ್ರೇ ಬರಕ್ಕಾಗಲ್ವಾ? ಅದ್ಯಾರೋ ಲಾಲಿ ಟ್ಯಾಮ್ ಅಂತೆ, ಅವ್ರನ್ನ ಬರಕ್ಕೆ ಹೇಳಿ. ನನ್ನ ಮಗು ದಿನಾ ಇದನ್ನೇ ತಿನ್ನೋದು."

"ನಾನೇ ಕಣಮ್ಮ ಅದು," ಎಂದರು ಲಲಿತಮ್ಮ. "ಲಾಲಿ ಟ್ಯಾಮ್ ಅಂದ್ರೆ ನಾನೇ. ನನ್ನ ಹೆಸ್ರು ಲಲಿತಮ್ಮ. ನಾನೇ ಮಾಡಿದ್ದು."

ಸ್ಮಿತಾ ಅವರನ್ನು ನೋಡಿದಳು. ನನ್ನ ಹೊಟ್ಟೆಯನ್ನೂ ನೋಡಿದಳು. ಬಯ್ಯುತ್ತಾಳೆ ಎಂದುಕೊಂಡೆ, ಬಯ್ಯಲಿಲ್ಲ. ಒಳಗೆ ಹೋಗಿ ಅರ್ಧ ಖಾಲಿಯಾದ ಬಾಟಲಿ ತಂದು ಲಲಿತಮ್ಮನ ಕೈಗಿಟ್ಟು ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅವಳು ಅಳುವ ಸದ್ದು, "ಮಮ್ಮಾ, ವಾಟ್ ಹ್ಯಾಪನ್ಡ್" ಎಂದು ಮಗು ಕೇಳುವ ಸದ್ದು ಹೊರಗೆ ಕೇಳಿಸುತ್ತಿತ್ತು. ಲಲಿತಮ್ಮ ಅಲ್ಲಿಂದ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಸ್ಮಿತಾ ಮಗುವಿಗೆ ಜಾಕೆಟ್ ಹಾಕಿ, ಕಾರಿನ ಕೀ ಹಿಡಿದು ಹೊರಬಂದು ನಮ್ಮನ್ನು ದಾಟಿಕೊಂಡು ಲಿಫ್ಟಿನತ್ತ ಹೋದಳು. ಅವಳು ಹೋದದ್ದನ್ನು ನೋಡಿದ ಮೇಲೆಯೇ ಲಲಿತಮ್ಮ ಹೊರಟರು. ಕಾರಿನಲ್ಲಿ ಕೂತು ಅರ್ಧ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು, ಸೀಟ್ ಬೆಲ್ಟ್ ಹಾಕಲು ಮರೆತು ಹಾಗೇ ಇದ್ದರು. ನಾನು ಬಗ್ಗಿ ಹಾಕಿದೆ.

ನನ್ನ ಫಲಿತಾಂಶ ಬಂತು. ಇರಬೇಕಾದ್ದಕ್ಕಿಂತ ಹೆಚ್ಚು, ಆದರೆ ಆಸ್ಪತ್ರೆಗೆ ಸೇರಿಸುವಷ್ಟಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ತಿಂಗಳಿಗೊಂದು ಸಲ ಪರೀಕ್ಷೆ. ಮಗುವಿಗೆ ಏನಾದರೂ ಆಗಿದೆಯೇ ಎಂದು ಕೇಳಿದೆ. ಈಗ ಹೇಳಲಾಗುವುದಿಲ್ಲ, ಬೆಳೆಯುವಾಗ ನೋಡಬೇಕು ಎಂದರು ಡಾಕ್ಟರ್. ಸ್ಮಿತಾಳ ಮಗುವಿನದು ನನ್ನದಕ್ಕಿಂತ ಹೆಚ್ಚಿತ್ತು. ಅದು ಇಳಿಯಲು ಸುಮಾರು ಒಂದು ವರ್ಷ ಹಿಡಿಯಿತು. ಲಲಿತಮ್ಮ ಪ್ರತಿ ತಿಂಗಳೂ ಅವಳಿಗೆ ಫೋನ್ ಮಾಡಿ ಕೇಳುತ್ತಿದ್ದರು. ಮೊದಮೊದಲು ಅವಳು ಫೋನ್ ಎತ್ತುತ್ತಿರಲಿಲ್ಲ. ಆಮೇಲೆ "ಕಮ್ಮಿ ಆಗಿದೆ ಆಂಟಿ" ಎಂದು ಒಂದು ಮೆಸೇಜ್ ಬರತೊಡಗಿತು.

ನನ್ನ ಮಗಳು ಇಳಾ ಹುಟ್ಟಿದಳು. ನಕ್ಕಳು, ಕೂತಳು, ನಡೆದಳು. ಮಾತಾಡಲಿಲ್ಲ. ವರ್ಷ ಕಳೆಯಿತು, ಎರಡು ವರ್ಷವೂ ಕಳೆಯಿತು. ಅವಳ ವಯಸ್ಸಿನ ಮಕ್ಕಳು ಪಾರ್ಕಿನಲ್ಲಿ ವಾಕ್ಯ ವಾಕ್ಯ ಮಾತಾಡುವಾಗ ಇವಳು ಬೆರಳು ತೋರಿಸುತ್ತಿದ್ದಳು. ಎರಡು ಭಾಷೆಯ ಮನೆಯಲ್ಲಿ ಕೆಲವು ಮಕ್ಕಳು ತಡ ಎಂದು ಒಬ್ಬರು, ಕಾದು ನೋಡೋಣ ಎಂದು ಇನ್ನೊಬ್ಬರು ಹೇಳಿದರು. ಆ ಸಾರನ್ನವೇ ಕಾರಣವೋ ಅಲ್ಲವೋ ಎಂದು ಯಾರೂ ಹೇಳಲಿಲ್ಲ. ನಾನು ಅವಳ ತುಟಿಗಳನ್ನೇ ನೋಡುತ್ತಾ ಕೂರುತ್ತಿದ್ದೆ. ಲಲಿತಮ್ಮನವರ ಭಯವನ್ನು ಹಟವೆಂದು ನಗುತ್ತಿದ್ದವಳು ನಾನು. ಈಗ ಅದು ನನ್ನ ಮನೆಯಲ್ಲೇ ಇತ್ತು. ಭಾನುವಾರ ಸಂಜೆ ಅವರ ಫೋನ್ ಬರುತ್ತಿತ್ತು. ಊಟ, ಚಳಿ, ಮಂಡಿನೋವು ಎಲ್ಲ ಮುಗಿದ ಮೇಲೆ ದನಿ ತಗ್ಗಿಸಿ ಕೇಳುತ್ತಿದ್ದರು, "ಮಾತಾಡಿದ್ಲಾ?"

"ಇನ್ನೂ ಇಲ್ಲ ಆಂಟಿ."

"ಆಗ್ಲಿ. ಮುಂದಿನ್ವಾರ ಮಾಡ್ತೀನಿ."

ಎರಡೂವರೆ ದಾಟಿದ ಮೇಲೆ ಒಂದು ದಿನ ಇಳಾ ಕಿಟಕಿಯ ಹೊರಗೆ ನೋಡಿ "ಬಸ್" ಎಂದಳು. ನಾನು ಭಾನುವಾರದವರೆಗೆ ಕಾಯಲಿಲ್ಲ. ಅವತ್ತೇ ಫೋನ್ ಮಾಡಿದೆ. "ಒಂದು ಮಾತು ಬಂದ್ರೆ ಉಳಿದಿದ್ದೂ ಬರತ್ತೆ," ಎಂದು ಲಲಿತಮ್ಮ ಫೋನ್ ಇಟ್ಟರು.

ಲಲಿತಮ್ಮ ಪ್ರತಿ ಚೀಲವನ್ನೂ ಹೊರಗಿನ ಲ್ಯಾಬಿಗೆ ಕಳಿಸಿ, ಕಾಗದ ಬಂದಮೇಲೆಯೇ ಬಿಚ್ಚಿ, ಇನ್ನೂ ಮೂರು ವರ್ಷ ಕಂಪನಿ ನಡೆಸಿದರು. ಹಳೆಯ ಗಿರಾಕಿಗಳು ಕೆಲವರು ಮರಳಿ ಬಂದರು, ಕೆಲವರು ಬರಲಿಲ್ಲ. ಕೊನೆಗೆ ಬೇರೆ ರಾಜ್ಯದ ಕಂಪನಿಯೊಂದಕ್ಕೆ ಹೆಸರನ್ನು ಮಾರಿದರು. ಆ ಕಂಪನಿಯ ವೆಬ್‌ಸೈಟಿನಲ್ಲಿ ಈಗ ಲಾಲಿ ಟ್ಯಾಮ್ಸ್ ಇತಿಹಾಸ ಎಂದು ನಾಲ್ಕು ಸಾಲು ಇದೆ. ಟೊಮೆಟೊ ಇದೆ, ಡೇಲ್ ಇದ್ದಾನೆ, ತಪ್ಪಾಗಿ ಕೇಳಿಸಿಕೊಂಡ ಹೆಸರಿನ ತಮಾಷೆ ಇದೆ. ಮಾರುವ ಮೊದಲು ಅರಿಶಿನದ ವಿಷಯವನ್ನೂ ಬರೆಯಿರಿ ಎಂದು ಲಲಿತಮ್ಮ ಒಂದು ಕಾಗದದಲ್ಲಿ ಬರೆಸಿ ಕಳಿಸಿದ್ದರು. ಅದನ್ನು ಟೈಪ್ ಮಾಡಿದವಳು ನಾನೇ. ಆ ಕಂಪನಿಯವರು ಹಾಕಲಿಲ್ಲ.

ಲಲಿತಮ್ಮ ಟೆಕ್ಸಸ್ಸಿನ ಮಗಳ ಮನೆಗೆ ಹೊರಡುವ ಹಿಂದಿನ ದಿನ ಅವರನ್ನು ನೋಡಲು ಇಳಾಳನ್ನು ಕರೆದುಕೊಂಡು ಈಸ್ಟ್‌ಗೇಟಿಗೆ ಹೋದೆ. ಅವಳಿಗೆ ಆಗ ನಾಲ್ಕು ವರ್ಷ. ಮನೆಯ ಸಾಮಾನೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿತ್ತು. ಪೆಟ್ಟಿಗೆಯೊಂದರ ಮೇಲೆ ಲಲಿತಮ್ಮ ಕೂತು ಇಳಾಳನ್ನು ಎದುರಿಗೆ ನಿಲ್ಲಿಸಿಕೊಂಡರು.

"ಏನಾದ್ರೂ ಹೇಳು ಪುಟ್ಟಿ."

ಇಳಾ ಹೇಳತೊಡಗಿದಳು, ಪೂರ್ತಿ ಇಂಗ್ಲಿಷಿನಲ್ಲಿ. ಶಾಲೆಯ ಮೊಲ ಪಂಜರದಿಂದ ತಪ್ಪಿಸಿಕೊಂಡದ್ದು, ಟೀಚರ್ ಬೆಂಚಿನ ಕೆಳಗೆ ತೂರಿದ್ದು, ಮೊಲ ಅವರ ಶೂ ಮೇಲೆ ಉಚ್ಚೆ ಹೊಯ್ದದ್ದು. ಲಲಿತಮ್ಮನವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಅವರು ಅವಳ ಬಾಯಿಯಿಂದ ಕಣ್ಣು ತೆಗೆಯಲಿಲ್ಲ. ಮುಗಿದಮೇಲೆ "ಇನ್ನೊಂದ್ಸಲ ಹೇಳು" ಎಂದರು. ಇಳಾ ಮೊದಲಿನಿಂದ ಶುರುಮಾಡಿದಳು.

ನಾನು ಆಗ ಹೇಳಿದೆ. "ಆಂಟಿ, ಅವತ್ತು ಇನ್ಸ್‌ಪೆಕ್ಟರ್ ಕೇಳಿದಾಗ ನಾನು ಹೇಳ್ಬೇಕಿತ್ತು. ಹೆದರ್ಕೊಂಡೆ."

"ಗೊತ್ತು ಕಣೇ," ಎಂದರು, ಮಗುವಿನಿಂದ ಕಣ್ಣು ತೆಗೆಯದೆ. "ನಂಗೂ ಕೈ ನಡುಗ್ತಿತ್ತು. ನಿಂಗೆ ಕಾಣ್ಬಾರ್ದು ಅಂತ ಬೆರಳನ್ನ ಕಾಗದದ ಮೇಲೆ ಒತ್ತಿ ಇಟ್ಕೊಂಡಿದ್ದೆ."

ಆ ಚಳಿಗಾಲದಲ್ಲೇ ಅವರು ಮಗಳ ಮನೆಯಲ್ಲಿ ತೀರಿಕೊಂಡರು. ಈಸ್ಟ್‌ಗೇಟಿನಲ್ಲಿ ಅವತ್ತು ನಾನು ಅವರನ್ನು ನೋಡಿದ್ದೇ ಕೊನೆ.

ಆ ದಿನ ವಾಪಸು ಬರುವಾಗ ಐ-ತೊಂಬತ್ತು ಹೆದ್ದಾರಿಯಲ್ಲಿ ಅಪಘಾತವಾಗಿ ಕಾರುಗಳು ನಿಂತಿದ್ದವು. ಹಿಂದಿನ ಸೀಟಿನಲ್ಲಿ ಇಳಾ ಒಂದೇ ಸಮ ಮಾತಾಡುತ್ತಿದ್ದಳು, ಯಾವುದಕ್ಕೂ ತಲೆಯಿಲ್ಲ, ಬಾಲವಿಲ್ಲ. ಬೇರೆ ದಿನವಾಗಿದ್ದರೆ ಸ್ವಲ್ಪ ಸುಮ್ಮನಿರು ಎನ್ನುತ್ತಿದ್ದೆನೇನೋ. ರೇಡಿಯೋ ಆರಿಸಿ, ಕನ್ನಡಿಯನ್ನು ಅವಳ ಕಡೆಗೆ ತಿರುಗಿಸಿಕೊಂಡೆ.